ಲುಯಿಜಿ ಗ್ಯಾಲ್ವಾನಿ

ಲುಯಿಜಿ ಗ್ಯಾಲ್ವಾನಿ (ಸೆಪ್ಟೆಂಬರ್ 9, 1737 – ಡಿಸೆಂಬರ್ 4, 1798) ಜೈವಿಕ ವಿದ್ಯುತ್ತಿನ ಅಧ್ಯಯನಕ್ಕೆ ತಳಹದಿ ಹಾಕಿದ ಇಟಲಿಯ ವೈದ್ಯ ಹಾಗೂ ಅಂಗರಚನಾಶಾಸ್ತ್ರಜ್ಞ. ಬೊಲೊನ್ಯಾದಲ್ಲಿ ಜನಿಸಿದ ಇವರು ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಕಲಿತು ಅಧ್ಯಾಪಕರಾದರು.

ವಿದ್ಯುತ್ ಕಿಡಿ ಹಾರಿದಾಗ ಸತ್ತ ಕಪ್ಪೆಯ ಕಾಲು ಅದುರುವುದನ್ನು ಗಮನಿಸಿದ ಗ್ಯಾಲ್ವಾನಿ, ಪ್ರಾಣಿದೇಹದಲ್ಲೇ ವಿದ್ಯುತ್ತಿದೆಯೆಂದು 1791ರಲ್ಲಿ ಪ್ರತಿಪಾದಿಸಿದರು. ಮೊದಲು ಇದನ್ನು ಮೆಚ್ಚಿದ ಅಲೆಸ್ಸಾಂಡ್ರೊ ವೋಲ್ಟಾ, ಬಳಿಕ ಎರಡು ಭಿನ್ನ ಲೋಹಗಳ ಸಂಪರ್ಕವೇ ಅದಕ್ಕೆ ಕಾರಣವೆಂದು ವಾದಿಸಿದರು. ಲೋಹವನ್ನೇ ಬಳಸದೆ, ನರವನ್ನು ಸ್ನಾಯುವಿಗೆ ತಾಗಿಸಿ ಸಂಕೋಚನ ಉಂಟಾಗುವುದನ್ನು ಗ್ಯಾಲ್ವಾನಿ ತೋರಿಸಿದರು.

ನೆಪೋಲಿಯನ್ ಸ್ಥಾಪಿಸಿದ ಸಿಸಾಲ್ಪೈನ್ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ನಿರಾಕರಿಸಿ, ಕೊನೆಗಾಲದಲ್ಲಿ ಹುದ್ದೆಯನ್ನು ಕಳೆದುಕೊಂಡರು.

ಜೀವಕೋಶದ ಪೊರೆಯ ಇಕ್ಕೆಲಗಳ ನಡುವೆ ವಿಭವಾಂತರವಿರುವುದು ಮುಂದೆ ದೃಢಪಟ್ಟಿತು. ಕಿರು ವಿದ್ಯುತ್ ಸ್ಪಂದಗಳಿಂದ ಪೊರೆಯಲ್ಲಿ ತಾತ್ಕಾಲಿಕ ರಂಧ್ರಗಳನ್ನು ಮೂಡಿಸಿ, ಡಿಎನ್‌ಎಯನ್ನು ಕೋಶದೊಳಗೆ ಸೇರಿಸುವ ಇಂದಿನ ವಿಧಾನವೂ ಜೀವಕೋಶ ಮತ್ತು ವಿದ್ಯುತ್ತಿನ ಈ ನಂಟನ್ನೇ ಆಧರಿಸಿದೆ.