ಘಾಟಗೆಯವರ ಪುಟ್ಟ ವಿಮಾನ

ಮಕ್ಕಳೇ, ಮಳೆಗಾಲದಲ್ಲಿ ಜಾವಳಿಯ ಏರುದಾರಿಯಲ್ಲಿ ಹಳೆಯ ಜೀಪೊಂದು ಕೆಟ್ಟು ನಿಂತಿತು ಎಂದುಕೊಳ್ಳಿ. ಏನು ಮಾಡುತ್ತಾರೆ? ಮೊದಲು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಆಮೇಲೆ ಮೆಕ್ಯಾನಿಕ್ ಬಂದು ಬಾನೆಟ್ ತೆರೆಯುತ್ತಾರೆ. ಬೇಕಾದ ಬಿಡಿಭಾಗ ಮೂಡಿಗೆರೆಯಲ್ಲಿ ಸಿಗದಿದ್ದರೆ ಗುಜರಿಗೆ ಬಿದ್ದ ಇನ್ನೊಂದು ಜೀಪಿನಿಂದ ಬಿಚ್ಚಿ ತಂದು ಹಾಕುವುದೂ ಉಂಟು. ವಿಮಾನವಾದರೆ? ಆಕಾಶದಲ್ಲಿ ಚಕ್ರಕ್ಕೆ ಕಲ್ಲು ಕೊಡುವವರು ಯಾರು!

ಈ ಪ್ರಶ್ನೆಯ ಜೊತೆಯಲ್ಲೇ ಬದುಕಿದ ವಿಜ್ಞಾನಿ ಡಾ. ವಿ. ಎಂ. ಘಾಟಗೆ. 1908ರಲ್ಲಿ ಕೊಲ್ಹಾಪುರ ಸೀಮೆಯಲ್ಲಿ ಹುಟ್ಟಿದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟಲ್ ಅವರ ಬಳಿ ಗಾಳಿಯ ಹರಿವಿನ ಬಗ್ಗೆ ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದರು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದಾಗ ಅಲ್ಲಿಗೆ ಬಂದರು. ಅಲ್ಲಿ ಮೊದಲು ಜೋಡಿಸಿದ ಹಾರ್ಲೋ ವಿಮಾನದ ಭಾಗಗಳೆಲ್ಲ ಅಮೆರಿಕದಿಂದ ಬಂದಿದ್ದವು. ಮುಂದೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರವನ್ನೂ ಕಲಿಸಿದರು.

ಆಗ ನಮ್ಮ ಪೈಲಟ್‌ಗಳು ಹಾರಲು ಕಲಿಯುತ್ತಿದ್ದದ್ದು ಬ್ರಿಟನ್ನಿನ ಟೈಗರ್ ಮಾತ್ ವಿಮಾನದಲ್ಲಿ. ಅದರ ರೆಕ್ಕೆ ಮರದ್ದು, ಮೇಲೆ ಬಟ್ಟೆಯ ಹೊದಿಕೆ. ನಮ್ಮ ಮಳೆ, ಬಿಸಿಲಿಗೆ ಅದು ಎಷ್ಟು ದಿನ ತಾಳೀತು? ಘಾಟಗೆಯವರ ತಂಡ ಪೂರ್ತಿ ಲೋಹದ, ಎರಡು ಸೀಟಿನ ಎಚ್‌ಟಿ-2 ವಿಮಾನವನ್ನು ರೂಪಿಸಿತು. 1951ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಹಾರಿತು. ಯಾವ ಭಾಗಕ್ಕೆ ಯಾವ ಲೋಹ, ತಗಡು ಎಷ್ಟು ದಪ್ಪ, ತೂತು ಎಲ್ಲಿ ಎಂಬುದೆಲ್ಲ ಇಲ್ಲಿನ ನಕ್ಷೆಗಳಲ್ಲೇ ಇತ್ತು. ರೆಕ್ಕೆಯ ಭಾಗ ಜಖಂ ಆದರೆ ಹಡಗಿಗಾಗಿ ಕಾಯಬೇಕಿರಲಿಲ್ಲ; ನಕ್ಷೆ ಬಿಡಿಸಿಟ್ಟು ಹೊಸದು ಮಾಡಬಹುದಿತ್ತು.

ಆದರೆ ಎಂಜಿನ್ ಮಾತ್ರ ಬ್ರಿಟನ್ನಿನದೇ. 155 ಅಶ್ವಶಕ್ತಿಯ ಸಿರಸ್ ಮೇಜರ್. ಅದರ ನಾಲ್ಕು ಸಿಲಿಂಡರುಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತವೆ. ಒಂದೊಂದಕ್ಕೂ ಎರಡು ಸ್ಪಾರ್ಕ್ ಪ್ಲಗ್. ಕಿಡಿಗೆ ವಿದ್ಯುತ್ ಕೊಡಲು ಎರಡು ಮ್ಯಾಗ್ನೆಟೋಗಳು. ಒಂದು ಕೈಕೊಟ್ಟರೂ ಇನ್ನೊಂದು ಎಂಜಿನ್ನನ್ನು ಓಡಿಸುತ್ತದೆ.

ಇಂಥ ಎಂಜಿನ್ನಿನ ದೋಷವನ್ನು ಹುಡುಕುವ ಉಪಾಯ ಚೆನ್ನಾಗಿದೆ. ಹಾರುವ ಮೊದಲು ನೆಲದ ಮೇಲೆ ಎಂಜಿನ್ ಓಡಿಸಿ ಒಂದು ಮ್ಯಾಗ್ನೆಟೋ ನಿಲ್ಲಿಸುತ್ತಾರೆ. ವೇಗ ಸ್ವಲ್ಪ ಇಳಿದರೆ ಸರಿ. ಬಹಳ ಇಳಿದರೆ ಓಡುತ್ತಿರುವ ಇನ್ನೊಂದರ ಕಡೆಯೇ ದೋಷವಿದೆ ಎಂದರ್ಥ. ಅದರಲ್ಲೇ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಯಾವ ಸಿಲಿಂಡರ್ ತಣ್ಣಗಿದೆ ಎಂದು ನೋಡುತ್ತಾರೆ. ಉರಿಯದ ಸಿಲಿಂಡರ್ ಬಿಸಿಯಾಗುವುದಿಲ್ಲವಲ್ಲ! ಅದರ ಪ್ಲಗ್ ಮಸಿ ಹಿಡಿದಿರಬಹುದು, ಇಲ್ಲವೇ ತಂತಿ ಕೆಟ್ಟಿರಬಹುದು.

ಪ್ಲಗ್ ಬದಲಿಸುವುದು ಸುಲಭ. ತಯಾರಿಕೆಯೇ ನಿಂತುಹೋದ ಎಂಜಿನ್ನಿನ ಒಳಭಾಗ ಸವೆದರೆ ಕಷ್ಟ. ಅಳತೆ ಕೂಡಿತೆಂದು ಕಂಡ ಬೋಲ್ಟನ್ನೆಲ್ಲ ವಿಮಾನಕ್ಕೆ ಹಾಕುವಂತಿಲ್ಲ. ಮೂಲೆಗೆ ನಿಂತ ಅದೇ ಮಾದರಿಯ ವಿಮಾನದಿಂದ ಭಾಗ ತೆಗೆದರೂ ಅದು ಎಷ್ಟು ಗಂಟೆ ಹಾರಿದೆ ಎಂಬ ದಾಖಲೆ ಬೇಕು. ಬಿರುಕಿದೆಯೇ ಎಂದು ಪರೀಕ್ಷಿಸಬೇಕು. ಕೆಂಪು ದ್ರವ ಹಚ್ಚಿ ಒರೆಸಿ, ಬಿಳಿ ಪುಡಿ ಹಾಕಿದರೆ, ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ.

ಘಾಟಗೆಯವರ ಮುಂದಾಳುತನದಲ್ಲಿ 1958ರಲ್ಲಿ ಪುಷ್ಪಕ್, ಬಳಿಕ ಕೃಷಕ್ ವಿಮಾನಗಳು ಹಾರಿದವು. 1965ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. 1991ರಲ್ಲಿ ಅವರು ತೀರಿಕೊಂಡರು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲ ಸಲ ನೆಲ ಬಿಟ್ಟು ಮೇಲೇರಿದ್ದು ಎಚ್‌ಟಿ-2ರಲ್ಲೇ.