ಮೂಕ ಶಿಲೆಯ ಲಿಪಿಯನ್ನೋದಿದ ಬ್ರೂಸ್ ಫೂಟ್ ಮಹಾಶಯರು

ಶಾಸನವೆಂದೊಡನೆ ನಮಗೆ ನೆನಪಾಗುವುವು ಬೇಲೂರು, ಹಳೇಬೀಡುಗಳ ಅಕ್ಷರಶಿಲೆಗಳು. ಬಿಕ್ಕೋಡಿನ ನಮ್ಮ ಮಕ್ಕಳು ಅವುಗಳ ನೆರೆಯಲ್ಲಿಯೇ ಬೆಳೆಯುತ್ತಾರೆ. ಆದರೆ ಅಕ್ಷರವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಪ್ರಕೃತಿಯು ಕಲ್ಲಿನಲ್ಲಿ, ಬೂದಿಯಲ್ಲಿ, ಸುಣ್ಣದ ಹೆಪ್ಪಿನಲ್ಲಿ ಜೀವವೃತ್ತಾಂತವನ್ನು ಬರೆದಿಟ್ಟಿದೆ. ಆ ಲಿಪಿಯನ್ನು ದಕ್ಷಿಣ ಭಾರತದಲ್ಲಿ ಶ್ರದ್ಧೆಯಿಂದ ಓದಿದ ಆದ್ಯರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು ಅಗ್ರಗಣ್ಯರು.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದ ಅವರು 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. 1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ ಅವರಿಗೊಂದು ಕಲ್ಲು ದೊರಕಿತು. ಅನ್ಯರಿಗೆ ಅದು ಬರಿಯ ಕಲ್ಲು. ಅವರ ಕಣ್ಣಿಗೆ ಆದಿಮಾನವನು ಕೆತ್ತಿದ ಕೈಗೊಡಲಿ. ಅದೇ ವರ್ಷ ಅತ್ತಿರಂಪಾಕ್ಕಂನಲ್ಲಿಯೂ ಅಂತಹ ಆಯುಧಗಳು ದೊರೆತುವು. ಅಲ್ಲಿಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವೆಂದು 2011ರಲ್ಲಿ ವಿದ್ವಾಂಸರು ಪ್ರಕಟಿಸಿದರು.

ಕನ್ನಡನಾಡು ಅವರ ದೀರ್ಘ ಕರ್ಮಭೂಮಿ. ಇಲ್ಲಿಯ ಪ್ರಾಚೀನ ಶಿಲಾವರ್ಗಕ್ಕೆ 'ಧಾರವಾಡ' ಎಂಬ ಹೆಸರನ್ನಿತ್ತವರು ಅವರೇ. ನಮ್ಮ ಊರೂರುಗಳ ಬಳಪದ ಕಲ್ಲು ದೊರೆಯುವುದೂ ಇಂತಹ ಶಿಲಾಪಟ್ಟಿಗಳಲ್ಲಿಯೇ. 1891ರಲ್ಲಿ ನಿವೃತ್ತರಾದ ಮೇಲೆಯೂ ಅವರು ವಿಶ್ರಮಿಸಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದರು.

ಅವರ ವಿವೇಕಕ್ಕೆ ಬಳ್ಳಾರಿ ಸೀಮೆಯ ಬೂದಿದಿಬ್ಬಗಳೇ ಸಾಕ್ಷಿ. ಹಂಪೆಯ ಬಳಿಯದನ್ನು ಜನರು ವಾಲಿಯ ಚಿತಾಭಸ್ಮವೆಂದರು. ಕೆಲವು ಪಂಡಿತರು ನರಬಲಿಯ ಶೇಷವೆಂದೂ ಶಂಕಿಸಿದರು. ಫೂಟರು ದಿಬ್ಬಗಳನ್ನು ಕಣ್ಣಾರೆ ಪರೀಕ್ಷಿಸಿ, ಇವು ನವಶಿಲಾಯುಗದ ಗೋಪಾಲಕರ ಹಟ್ಟಿಗಳಲ್ಲಿ ಉರಿದ ಸಗಣಿಯ ರಾಶಿಗಳೆಂದು ನಿರ್ಣಯಿಸಿದರು. ಸಗಣಿಯನ್ನು ಸುಟ್ಟು ವಿಭೂತಿಯನ್ನು ಮಾಡುವ ನಮಗೆ ಇದು ಸಹಜವೆನಿಸೀತು. ಅಂದಿನ ವಿದ್ವತ್ಸಭೆಗೆ ಹಾಗೆನಿಸಲಿಲ್ಲ. ಅವರು ತೀರಿಕೊಂಡು ಸುಮಾರು ಅರ್ಧ ಶತಮಾನದ ತರುವಾಯ ಬೂದಿಯ ರಾಸಾಯನಿಕ ಪರೀಕ್ಷೆಯೂ ಉತ್ನೂರಿನ ಉತ್ಖನನದಲ್ಲಿ ಕಂಡ ದನಗಳ ಗೊರಸಿನ ಗುರುತುಗಳೂ ಅವರ ಮಾತನ್ನೇ ಸ್ಥಿರಪಡಿಸಿದುವು.

ಇಂದಿನ ವಿಜ್ಞಾನಕ್ಕೆ ಇನ್ನೂ ಸೂಕ್ಷ್ಮವಾದ ಕಣ್ಣಿದೆ. ಒಣಸೀಮೆಯಲ್ಲಿ ನೀರು ಆವಿಯಾಗಿ ಮಣ್ಣಿನೊಳಗೆ ಸುಣ್ಣದ ಗಟ್ಟಿಗಳು ಹೆಪ್ಪುಗಟ್ಟುತ್ತವೆ. ಇಂಗಾಲದಲ್ಲಿ 12 ಮತ್ತು 13 ತೂಕದ, ಎಂದಿಗೂ ಕ್ಷಯಿಸದ ಎರಡು ಬಗೆಯ ಪರಮಾಣುಗಳುಂಟು. ಸಸ್ಯಗಳು ಹಗುರವಾದುದನ್ನು ಹೆಚ್ಚಾಗಿ ಹೀರುತ್ತವೆ. ಮರಗಳ ಪ್ರಮಾಣ ಒಂದು, ಉಷ್ಣಸೀಮೆಯ ಹುಲ್ಲಿನ ಪ್ರಮಾಣ ಮತ್ತೊಂದು. ಬೇರುಗಳು ಬಿಟ್ಟ ಅಂಗಾರವಾಯುವಿನ ಮೂಲಕ ಆ ಪ್ರಮಾಣವು ಸುಣ್ಣದಲ್ಲಿ ಅಚ್ಚೊತ್ತುತ್ತದೆ. ಆದುದರಿಂದ ಹಿಡಿ ಸುಣ್ಣದ ಗಟ್ಟಿಯು, ಅಲ್ಲಿ ಹಿಂದೆ ಕಾಡಿತ್ತೋ ಹುಲ್ಲುಗಾವಲಿತ್ತೋ ಎಂಬುದನ್ನು ಅರುಹಬಲ್ಲದು. ಧಾರವಾಡ ವರ್ಗದ ಸುಣ್ಣಕಲ್ಲುಗಳಲ್ಲಿಯಂತೂ 250 ಕೋಟಿ ವರ್ಷಗಳಿಗೂ ಹಿಂದಿನ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ರಚನೆಗಳು ಉಳಿದಿವೆ.

ಫೂಟರ ಕಾಲದಲ್ಲಿ ಈ ಉಪಕರಣಗಳಿರಲಿಲ್ಲ. ಇದ್ದುದು ಸುತ್ತಿಗೆ, ಸವೆಯದ ಕಾಲ್ನಡಿಗೆ, ದುಡುಕದ ಬುದ್ಧಿ. ತಾವು ಕೂಡಿಸಿದ ಸಂಗ್ರಹವನ್ನು 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿಸಿ, 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ಕಾಲವಶರಾದರು.

ನಮ್ಮ ವಿದ್ಯಾರ್ಥಿಗಳು ಹೊಲದ ಬದುವಿನ ಕಲ್ಲನ್ನು ಎಡವಿದಾಗ ಒಮ್ಮೆ ಬಾಗಿ ನೋಡಲಿ. ಹಾಗೆ ನೋಡಲು ಕಲಿಸಿದ ಗುರುವಿನ ಋಣವು ಅಷ್ಟರಿಂದಲೇ ತುಸು ತೀರೀತು.