ಬೇಸಿಕ್ ಭಾಷೆ ಕೊಟ್ಟ ಜಾನ್ ಕೆಮೆನಿ

ಜಾನ್ ಕೆಮೆನಿ 1926ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದರು. ಯಹೂದಿ ಮನೆತನ. 1940ರಲ್ಲಿ ಅಮೆರಿಕಕ್ಕೆ ಬಂದರು. ಗಣಿತದಲ್ಲಿ ಬಲು ಜಾಣರು. ಐನ್‌ಸ್ಟೈನ್ ಅವರಿಗೇ ಸಹಾಯಕರಾಗಿದ್ದರು.

ಆಗ ಕಂಪ್ಯೂಟರ್ ಅಂದ್ರೆ ಪಂಡಿತರಿಗೆ ಮಾತ್ರ. ಎಲ್ಲ ವಿದ್ಯಾರ್ಥಿಗಳಿಗೂ ಅದು ಸಿಗಬೇಕು ಅಂತ ಕೆಮೆನಿ ಹಠ ಹಿಡಿದರು. ಡಾರ್ಟ್‌ಮತ್ ಕಾಲೇಜಿನಲ್ಲಿ ಥಾಮಸ್ ಕರ್ಟ್ಜ್ ಜೊತೆ ಸೇರಿ 1964ರಲ್ಲಿ ಬೇಸಿಕ್ ಎಂಬ ಸುಲಭ ಭಾಷೆ ಮಾಡಿದರು.

ಮುಂದೆ ಮನೆಯ ಕಂಪ್ಯೂಟರ್‌ಗಳಿಗೂ ಅದೇ ಭಾಷೆ ಬಂತು. 1975ರ ಆಲ್ಟೇರ್ ಯಂತ್ರಕ್ಕೆ ಅದನ್ನು ತೂತಿನ ಕಾಗದದ ಪಟ್ಟಿಯಿಂದ ತುಂಬಬೇಕಿತ್ತು. ಕರೆಂಟು ಹೋದ್ರೆ ಮತ್ತೆ ಮೊದಲಿಂದ! ಆಮೇಲೆ ಅಳಿಸಿಹೋಗದ ಚಿಪ್ಪಿನಲ್ಲೇ ಕೂರಿಸಿದರು. 1982ರ ಕಮೊಡೋರ್ 64ರಲ್ಲಿ ಸ್ವಿಚ್ ಹಾಕಿದರೆ ಸಾಕು, ಬೇಸಿಕ್ ಸಿದ್ಧ. 1984ರಿಂದ ನಮ್ಮ ದೇಶದ ಕೆಲವು ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದಲ್ಲೂ ಹಾಗೇ.

ಕೆಮೆನಿ 1992ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಹಠ ಗೆದ್ದಿತ್ತು: ಕಂಪ್ಯೂಟರ್ ಮಕ್ಕಳ ಕೈಗೂ ಬಂದಿತ್ತು.